ದೊಡ್ಡಪ್ಪ ಕೇಳಿದ್ದೂ ಕಛೇರಿಯೇ

ತ್ಯಾಗರಾಜನಗರದ ಓದುಗರೊಬ್ಬರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದ ಒಂದು ಕಛೇರಿಯನ್ನು ಬಿಬಿಸಿ ರೇಡಿಯೋ 3ರ ನೇರ ಪ್ರಸಾರದಲ್ಲಿ, ಅಂತರ್ಜಾಲದ ಮೂಲಕ ಮೊಬೈಲಿನಲ್ಲಿ ಕೇಳಿದೆ. ಅಲ್ಲಿ ಸಂಜೆ ಏಳೂವರೆ, ಇಲ್ಲಿ ನಡುರಾತ್ರಿ. ಮಧ್ಯಂತರದ ನಂತರ ನಾಲ್ಕು ಭಾಗಗಳ ಒಂದು ವಾದ್ಯವೃಂದ ಕೃತಿ, ರಷ್ಯನ್ ಸಂಯೋಜಕ ಚೈಕೋವ್‌ಸ್ಕಿಯ ಆರನೆಯ ಸಿಂಫನಿ. ಮೊದಲ ಭಾಗದಲ್ಲಿ ಸದ್ದು ಸಣ್ಣದಾಗುತ್ತಾ ಹೋಯಿತು. ಮೊಬೈಲಿನ ಧ್ವನಿಯನ್ನು ಪೂರ್ತಿ ಏರಿಸಿದೆ. ಮರುಕ್ಷಣ ಸಿಡಿಲು ಬಡಿದಂತಾಗಿ, ಸೊಸೆ ಕೋಣೆಯಿಂದ ಓಡಿಬಂದು 'ಮಾವ, ಏನು ಬಿತ್ತು?' ಎಂದಳು. ಎರಡನೆಯ ಭಾಗಕ್ಕೆ ತೊಡೆಯ ಮೇಲೆ ಖಂಡ ಚಾಪು ತಾಳ ಹಾಕಿದೆ. ಕೂಡಿಬಂತು, ಕಾಕತಾಳೀಯ ಇರಬೇಕು. ಮೂರನೆಯದರಲ್ಲಿ ಹಿತ್ತಾಳೆ ವಾದ್ಯಗಳು ಕಿರುಚಿ ಉಳಿದವರನ್ನು ನುಂಗಿಹಾಕಿದವು. ಅದು ಮುಗಿದದ್ದೇ ಜನ ಚಪ್ಪಾಳೆ ತಟ್ಟಿ ರಸಭಂಗ ಮಾಡಿದರು. ಕೆಮ್ಮು ಬೇರೆ. ಲಂಡನ್ನಿನಲ್ಲಿರುವ ನನ್ನ ತಮ್ಮನ ಮಗ ಅದೇ ಸಭಾಂಗಣದಲ್ಲಿ ನಿಂತು ಕೇಳುತ್ತಿದ್ದ. ಇಲ್ಲಿ ಇನ್ನೂ ನುಡಿಸುತ್ತಿರುವಾಗಲೇ 'ಮುಗಿಯಿತು, ಅದ್ಭುತ' ಎಂದು ಅವನಿಂದ ಸಂದೇಶ ಬಂತು. ಅಷ್ಟರಲ್ಲಿ ಪ್ರಸಾರವೂ ಮುಕ್ಕಾಲು ನಿಮಿಷ ನಿಂತೇಹೋಯಿತು. ಮರುದಿನ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, 'ದೊಡ್ಡಪ್ಪ, ಹಿತ್ತಾಳೆಯವರೇ ಎಲ್ಲರಿಗಿಂತ ಚೆನ್ನಾಗಿ ನುಡಿಸಿದ್ದು. ನೀವು ಕೇಳಿದ್ದು ಕಛೇರಿಯೇ ಅಲ್ಲ' ಎಂದ. ರೇಡಿಯೋದಲ್ಲಿ ಕೇಳಿದವನಿಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲವೇ? ನನ್ನ ಹೆಸರು ಹಾಕಬೇಡಿ, ಮನೆಯಲ್ಲಿ ಆಗಲೇ ಸಾಕಷ್ಟು ಹೆಸರು ಬಂದಿದೆ."

ಮಾನ್ಯರೇ,

ಪತ್ರಗಳನ್ನು ಐದಾರು ಸಾಲಿಗೆ ಇಳಿಸುವುದು ನಮ್ಮ ಪದ್ಧತಿ. ನಿಮ್ಮದಕ್ಕೆ ಕತ್ತರಿ ಹಾಕಲು ಮನಸ್ಸಾಗಲಿಲ್ಲ. ಗೆಳೆಯರೊಬ್ಬರು ಅದೇ ಪ್ರಸಾರವನ್ನು ಮುದ್ರಿಸಿಕೊಂಡಿದ್ದರು. ಅದನ್ನು ನಾನು ಮೂರು ಸಲ ಕೇಳಿದೆ: ಒಮ್ಮೆ ನಿಮ್ಮಂತೆ ಮೊಬೈಲನ್ನು ಮೇಜಿನ ಮೇಲಿಟ್ಟು, ಒಮ್ಮೆ ಇಯರ್‌ಫೋನ್ ಹಾಕಿಕೊಂಡು, ಒಮ್ಮೆ ಜಯನಗರದಲ್ಲಿರುವ ಆ ಗೆಳೆಯರ ಮನೆಯ ಆಳೆತ್ತರದ ಸ್ಪೀಕರುಗಳ ಮುಂದೆ ಕುಳಿತು. ಆದ್ದರಿಂದ ಈ ಉತ್ತರ ಊಹೆಯದಲ್ಲ. ನುಡಿಸಿದ ವಾದ್ಯವೃಂದದ ಹೆಸರನ್ನು ಮಾತ್ರ ಎತ್ತುವುದಿಲ್ಲ. ನಿಮ್ಮ ಮನೆಯ ಜಗಳದಲ್ಲಿ ಅವರ ತಪ್ಪೇನೂ ಇಲ್ಲ.

ಮೊದಲು ಸೊಸೆಯನ್ನು ಎಬ್ಬಿಸಿದ ಸಿಡಿಲಿನ ವಿಷಯ. ಪಾಶ್ಚಾತ್ಯ ಸಂಗೀತದ ಬರಹದಲ್ಲಿ ಮೆಲ್ಲಗೆ ನುಡಿಸು ಎನ್ನುವುದಕ್ಕೆ 'ಪಿ' ಅಕ್ಷರ ಹಾಕುತ್ತಾರೆ. ಎರಡು ಪಿ ಇದ್ದರೆ ಇನ್ನೂ ಮೆಲ್ಲಗೆ. ಮೂರಕ್ಕಿಂತ ಹೆಚ್ಚು ಬರೆಯುವವರು ಅಪರೂಪ. ಈ ಸಿಂಫನಿಯ ಮೊದಲ ಭಾಗದಲ್ಲಿ ಕ್ಲಾರಿನೆಟ್ ಎಂಬ ಊದುವ ವಾದ್ಯ ಒಂದು ರಾಗವನ್ನು ಕೆಳಗಿಳಿಸುತ್ತಾ ಬಂದು, ಉಸಿರು ಮುಗಿಯುವ ಹೊತ್ತಿಗೆ ಕೊನೆಯ ನಾಲ್ಕು ಸ್ವರಗಳನ್ನು ಇನ್ನೂ ಕೆಳದನಿಯ ಊದುವಾದ್ಯವಾದ ಬಾಸೂನಿನ ಕೈಗೆ ಕೊಡುತ್ತದೆ. ಅಲ್ಲಿ ಚೈಕೋವ್‌ಸ್ಕಿ ಬರೆದಿರುವುದು ಆರು ಪಿ! ಬಾಸೂನಿನಲ್ಲಿ ಅಷ್ಟು ಮೆಲ್ಲಗೆ ನುಡಿಸುವುದು ಪ್ರಯಾಸ, ಹಾಗಾಗಿ ಎಷ್ಟೋ ವಾದ್ಯವೃಂದಗಳು ಆ ನಾಲ್ಕು ಸ್ವರಗಳನ್ನು ಬಾಸ್ ಕ್ಲಾರಿನೆಟ್ಟಿಗೆ ವಹಿಸುತ್ತವೆ. ಅದು ಅಡಗಿದ ಮರುಕ್ಷಣವೇ ಇಡೀ ವೃಂದ ಒಂದೇ ಏಟಿಗೆ ಅಬ್ಬರಿಸುತ್ತದೆ. ಸಭಾಂಗಣದಲ್ಲಿ ಇದ್ದವರೂ ಬೆಚ್ಚಿಬೀಳಲಿ ಎಂದೇ ಬರೆದದ್ದು. ಅವರ ಕೈಗೆ ಧ್ವನಿ ಏರಿಸುವ ಗುಂಡಿ ಸಿಕ್ಕಿರಲಿಲ್ಲ, ನಿಮಗೆ ಸಿಕ್ಕಿತ್ತು.

ಪಿಸುಮಾತು ಸುಮಾರು 30 ಡೆಸಿಬೆಲ್. ಪೂರ್ಣ ವಾದ್ಯವೃಂದ ಒಟ್ಟಿಗೆ ಮೊಳಗಿದರೆ 100ರ ಹತ್ತಿರ. ಹತ್ತು ಡೆಸಿಬೆಲ್ ಏರಿದರೆ ಧ್ವನಿಯ ಶಕ್ತಿ ಹತ್ತು ಪಟ್ಟಾಗುತ್ತದೆ. ಅಂದರೆ ಈ ಎರಡರ ನಡುವಿನ ಅಂತರ ಒಂದು ಕೋಟಿ ಪಟ್ಟು. ಇದನ್ನು ಇದ್ದ ಹಾಗೆಯೇ ಯಾವ ಮನೆಯೊಳಕ್ಕೂ ಕಳುಹಿಸಲಾಗದು; ಮೆಲುದನಿ ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ, ಅಬ್ಬರಕ್ಕೆ ಪಕ್ಕದ ಮನೆಯವರು ಬರುತ್ತಾರೆ. ಆದ್ದರಿಂದ ಪ್ರಸಾರದಲ್ಲಿ ತಗ್ಗನ್ನು ಕೊಂಚ ಎತ್ತಿ, ಏರನ್ನು ಕೊಂಚ ತಗ್ಗಿಸುವುದುಂಟು. ಆ ಕೆಲಸದವರು ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಏರು ಬರುವ ಮುಂಚೆಯೇ ಯಾರಿಗೂ ಗೊತ್ತಾಗದಂತೆ ಕೈಯಾಡಿಸುತ್ತಾರೆ. ಆರು ಪಿ ಎದುರಾದಾಗ ಅವರಿಗೂ ಎದೆ ಹೊಡೆದುಕೊಳ್ಳುತ್ತದೆ. ನೀವು ಅವರ ಕೈಯ ಮೇಲೆ ನಿಮ್ಮ ಕೈಯನ್ನೂ ಆಡಿಸಿದಿರಿ.

ಇನ್ನು ಹಿತ್ತಾಳೆ. ಮೊಬೈಲಿನ ಸ್ಪೀಕರ್ ಅವರೆಕಾಳಿನಷ್ಟು ದೊಡ್ಡದು. ಅದು ಕೆಳಸ್ಥಾಯಿಯ ಗಾಳಿಯನ್ನು ಅಲುಗಿಸಲಾರದು. ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯದ ಕೆಳತಂತಿ ಸುಮಾರು 41 ಹರ್ಟ್ಸ್. ಮೊಬೈಲಿನ ಸ್ಪೀಕರಿಗೆ ಅಂಥ ಸ್ವರ ಇದೆ ಎನ್ನುವುದೇ ತಿಳಿಯದು. ಆದರೆ ಟ್ರಂಪೆಟ್, ಟ್ರಾಂಬೋನುಗಳನ್ನು ಜೋರಾಗಿ ಊದಿದಾಗ ಹುಟ್ಟುವ ಹೊಳಪು 2,000ದಿಂದ 5,000 ಹರ್ಟ್ಸಿನ ಆಸುಪಾಸಿನಲ್ಲಿ ದಟ್ಟವಾಗಿರುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಅಲ್ಲಿಯೇ, ಮೊಬೈಲು ಚೆನ್ನಾಗಿ ಮಾತನಾಡುವುದೂ ಅಲ್ಲಿಯೇ. ಹೀಗೆ ಇಡೀ ಕಟ್ಟಡದ ನೆಲ ಅಂತಸ್ತು ಮಾಯವಾಗಿ ಮೇಲಿನ ಅಂತಸ್ತು ಮಾತ್ರ ನಿಮ್ಮ ಮುಂದೆ ತೇಲಿತು. ನಾನು ಮೊಬೈಲಿನಲ್ಲಿ ಕೇಳಿದಾಗ ನನಗೂ ಕಿರುಚಿದಂತೆಯೇ ಕೇಳಿಸಿತು. ಜಯನಗರದಲ್ಲಿ ಅದೇ ಹಿತ್ತಾಳೆ ದೊಡ್ಡ ಪಿಟೀಲಿನಂಥ ಚೆಲ್ಲೋಗಳ ಬೆನ್ನ ಮೇಲೆ ಸುಖವಾಗಿ ಕುಳಿತಿತ್ತು. ಕಿವಿಗೆ ಬಿದ್ದದ್ದನ್ನೇ ನೀವು ಬರೆದಿದ್ದೀರಿ, ದೂರು ಮಾತ್ರ ತಪ್ಪು ವಿಳಾಸಕ್ಕೆ ಹೋಗಿದೆ.

ಹಾಗೆಂದು ತಮ್ಮನ ಮಗನಿಗೆ ಪ್ರಶಸ್ತಿಪತ್ರ ಕೊಡುತ್ತಿಲ್ಲ. ಪ್ರಾಮ್ಸ್ ನಡೆಯುವುದು 1871ರಲ್ಲಿ ತೆರೆದ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಅದಕ್ಕೂ ಮೊದಲು ಉತ್ಸವಕ್ಕೆ ಆಸರೆಯಾಗಿದ್ದ ಕ್ವೀನ್ಸ್ ಹಾಲ್ 1941ರಲ್ಲಿ ಬಾಂಬಿಗೆ ಸಿಕ್ಕಿ ನಾಶವಾದ್ದರಿಂದ ಇಲ್ಲಿಗೆ ಬಂದದ್ದು. ಆಲ್ಬರ್ಟ್ ಹಾಲ್ ಮೊದಲಿನಿಂದಲೂ ಪ್ರತಿಧ್ವನಿಗೆ ಹೆಸರುವಾಸಿ. ಬ್ರಿಟಿಷ್ ಸಂಯೋಜಕನೊಬ್ಬ ತನ್ನ ಕೃತಿಯನ್ನು ಎರಡು ಸಲ ಕೇಳುವ ಭರವಸೆ ಇರುವುದು ಇಲ್ಲಿ ಮಾತ್ರ ಎಂಬ ಹಳೆಯ ನಗೆಮಾತೇ ಇದೆ. ಕೊನೆಗೆ 1969ರಲ್ಲಿ ಚಾವಣಿಯಿಂದ ಅಣಬೆಯಾಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಬಿಟ್ಟು ಆ ಕಾಟವನ್ನು ತಗ್ಗಿಸಿದರು. ವೇದಿಕೆಯ ಬುಡದಲ್ಲಿ ನಿಂತವನಿಗೆ ಪಿಟೀಲುಗಳು ಮೂಗಿನ ನೇರಕ್ಕೆ ಇರುತ್ತವೆ, ಹಿತ್ತಾಳೆ ಹಿಂದೆ, ಎತ್ತರದಲ್ಲಿ. ಅವನ ತಲೆಯ ಮೇಲಿಂದ ಹಾದುಹೋದ ಸದ್ದು ಎದುರಿನ ಗ್ಯಾಲರಿಯಲ್ಲಿ ಕುಳಿತವರಿಗೆ ಬೇರೆಯೇ ರೀತಿಯಲ್ಲಿ ಮುಟ್ಟುತ್ತದೆ. ಅಲ್ಲಿ ಸೇರುವ ಐದು ಸಾವಿರಕ್ಕೂ ಹೆಚ್ಚು ಜನ ಐದು ಸಾವಿರ ಕಛೇರಿಗಳನ್ನು ಕೇಳುತ್ತಾರೆ. ಅವುಗಳಲ್ಲಿ ಒಂದು ಅವನದು, ಅಷ್ಟೇ. ನಿಮ್ಮ ಪಾಲಿಗೆ ಬಂದದ್ದು ಯಾವ ಮನುಷ್ಯನೂ ಕುಳಿತಿರದ ಜಾಗದ ಕಛೇರಿ: ವೃಂದವನ್ನು ನಡೆಸುವ ಕಂಡಕ್ಟರ್ ತಲೆಯ ಮೇಲೆ ಗಾಳಿಯಲ್ಲಿ ತೂಗುವ ಮೈಕುಗಳದ್ದು. (ಕಂಡಕ್ಟರ್ ಎನ್ನಲು ನಮ್ಮಲ್ಲಿ ಇನ್ನೂ ಒಳ್ಳೆಯ ಪದ ಹುಟ್ಟಿಲ್ಲ. ನಮ್ಮೂರಿನಲ್ಲಿ ಆ ಮಾತು ಕೇಳಿದ ಕೂಡಲೇ ಚಿಲ್ಲರೆ ಹುಡುಕುವಂತಾಗುತ್ತದೆ.)

ಈ ತಂಟೆ ನಮಗೆ ಹೊಸದೇ? 1939ರಲ್ಲಿ ಶುರುವಾಗಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುತ್ತಿದ್ದ ರಾಮನವಮಿ ಸಂಗೀತೋತ್ಸವಕ್ಕೆ ನನ್ನ ತಂದೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಚಪ್ಪರದೊಳಗೆ ಅಲ್ಲ, ಹೊರಗೆ. ರಸ್ತೆ ಬದಿಯಲ್ಲಿ ವೃತ್ತಪತ್ರಿಕೆ ಹಾಸಿ ಕುಳಿತರೆ ಧ್ವನಿವರ್ಧಕದಲ್ಲಿ ಸಂಗೀತ, ಜೊತೆಗೆ ಬಸ್ಸಿನ ಹಾರ್ನ್, ಕಡಲೆಕಾಯಿಯವನ ಕೂಗು. ಮರುದಿನ ಒಳಗೆ ಕುಳಿತವರು ಪಿಟೀಲು ಹೆಚ್ಚೆಂದರೆ ಹೊರಗೆ ಕುಳಿತವರು ಮೃದಂಗ ಹೆಚ್ಚೆನ್ನುತ್ತಿದ್ದರು. ಶನಿವಾರ ರಾತ್ರಿಯ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದ ಮರುದಿನವೂ ಅದೇ ಕಥೆ. ಆ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ಅದೇ ವರ್ಷ ದೆಹಲಿಯಲ್ಲಿ ಆಕಾಶವಾಣಿ ತನ್ನ ವಾದ್ಯವೃಂದವನ್ನೂ ಕಟ್ಟಿತು, ರವಿಶಂಕರ್ ಅದಕ್ಕೆ ಸಂಗೀತ ಸಂಯೋಜಿಸಿ ನಡೆಸಿದರು. ನಮ್ಮ ವಠಾರದಲ್ಲಿ ರೇಡಿಯೋ ಇದ್ದದ್ದು ಎರಡು ಮನೆಗಳಲ್ಲಿ. ಭಾನುವಾರ ಬೆಳಗ್ಗೆ ನಲ್ಲಿಯ ಹತ್ತಿರ ಒಂದು ಮನೆಯವರು ತಂಬೂರಿ ಕೇಳಿಸಲೇ ಇಲ್ಲ ಎಂದರೆ, ಇನ್ನೊಂದು ಮನೆಯವರು ತಂಬೂರಿಯೇ ಕಛೇರಿಯನ್ನು ಎತ್ತಿ ನಿಲ್ಲಿಸಿತು ಎನ್ನುತ್ತಿದ್ದರು. ಮೀಡಿಯಂ ವೇವಿನಲ್ಲಿ 5,000 ಹರ್ಟ್ಸಿನ ಮೇಲಿನದು ಬರುವುದೇ ಕಷ್ಟ, ಎಫ್‌ಎಂ ಆದರೆ 15,000ದವರೆಗೆ ಹೋಗುತ್ತದೆ. ತಂಬೂರಿಯ ಝೇಂಕಾರದ ನವಿರೆಲ್ಲ ಇರುವುದು ಮೇಲಿನ ಸ್ವರಾಂಶಗಳಲ್ಲಿ. ಒಂದು ರೇಡಿಯೋ ಸ್ಟೇಷನ್ನಿಗೆ ಸರಿಯಾಗಿ ಕೂತಿತ್ತು, ಇನ್ನೊಂದು ಕೂದಲೆಳೆಯಷ್ಟು ಸರಿದಿತ್ತು, ಅಷ್ಟೇ ಸಂಗತಿ. ಆದರೆ ನಲ್ಲಿಯ ಬಳಿ ಆದ ಆ ಮಾತುಕತೆಯಿಂದಲೇ ನಾನು ಸಂಗೀತ ಕೇಳುವುದನ್ನು ಕಲಿತದ್ದು. ಅವರಲ್ಲಿ ಯಾರೂ ಆ ಕಛೇರಿಯ ಕಲಾವಿದರನ್ನು ಕಣ್ಣಿನಿಂದ ನೋಡಿದವರಲ್ಲ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಾಲಿಗೆ ಬರುತ್ತೇನೆ. ಎರಡನೆಯ ಭಾಗಕ್ಕೆ ಖಂಡ ಚಾಪು ಹಾಕಿದಿರಿ, ಕೂಡಿಬಂತು, ಕಾಕತಾಳೀಯ ಇರಬೇಕು ಎಂದು ಸಂಕೋಚದಿಂದ ಬರೆದಿದ್ದೀರಿ. ಕಾಕತಾಳೀಯ ಅಲ್ಲ ಸ್ವಾಮಿ, ತಾಳವೇ! ಆ ಭಾಗ ಇರುವುದೇ ಖಂಡ ಚಾಪಿನ ಐದು ಎಣಿಕೆಯಲ್ಲಿ, ಅದೂ ಎರಡು ಮತ್ತು ಮೂರಾಗಿ ಒಡೆದುಕೊಂಡು. ತಕ ತಕಿಟ, ತಕ ತಕಿಟ. ಕೇಳಲು ಮೂರೆಣಿಕೆಯ ವಾಲ್ಟ್ಸ್ ನೃತ್ಯದಂತಿದ್ದರೂ, ವಾಲ್ಟ್ಸ್ ಕುಣಿಯಹೋದವನ ಕಾಲು ತೊಡರುತ್ತದೆ. ಈ ಕೃತಿ ಮೊದಲು ನುಡಿದದ್ದು 1893ರ ಅಕ್ಟೋಬರ್ 28ರಂದು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಚೈಕೋವ್‌ಸ್ಕಿಯ ಕೈಯಲ್ಲೇ. ಒಂಬತ್ತು ದಿನಗಳ ನಂತರ ಅವನು ತೀರಿಕೊಂಡ. ಮುಂದೆ ಅದು ವಿಯೆನ್ನಾಕ್ಕೆ ಬಂದಾಗ ಅಲ್ಲಿನ ಪ್ರಸಿದ್ಧ ವಿಮರ್ಶಕ ಹಾನ್‌ಸ್ಲಿಕ್ ಈ ಐದರ ನಡೆ ಕಿವಿಗೆ ಕಿರಿಕಿರಿ, ಇದನ್ನು ಆರಕ್ಕೆ ಸುಲಭವಾಗಿ ಹೊಂದಿಸಬಹುದಿತ್ತು ಎಂದು ಗೊಣಗಿದ. ಅವನು ಸಭಾಂಗಣದಲ್ಲಿ ಕುಳಿತು ಕೇಳಿದವನು. ನೀವು ರಾತ್ರಿ ಒಂದೂವರೆಗೆ ತ್ಯಾಗರಾಜನಗರದಲ್ಲಿ, ಅವರೆಕಾಳಿನಷ್ಟು ದೊಡ್ಡ ಸ್ಪೀಕರಿನಲ್ಲಿ ಕೇಳಿದವರು. ತಾಳ ಸಿಕ್ಕಿದ್ದು ಯಾರಿಗೆ? ಅಭಿಪ್ರಾಯದ ಹಕ್ಕಿನ ಪ್ರಶ್ನೆಗೆ ನಿಮ್ಮ ತೊಡೆಯೇ ಉತ್ತರ ಕೊಟ್ಟಿದೆ.

ಲಯ, ಕಾಲಪ್ರಮಾಣ, ಒಂದು ಎಳೆಯನ್ನು ಹೇಗೆ ಎತ್ತಿಕೊಂಡು ಎಲ್ಲಿ ಇಳಿಸಿದರು ಎನ್ನುವುದು, ಶ್ರುತಿ, ಇವೆಲ್ಲ ರೇಡಿಯೋದಲ್ಲಿ ಕೆಡದೆ ಬರುತ್ತವೆ. ಇವುಗಳ ಬಗ್ಗೆ ಧಾರಾಳವಾಗಿ ಮಾತನಾಡಿ, ತಮ್ಮನ ಮಗ ಎದುರಿಗಿದ್ದರೂ ಸರಿ. ಯಾವ ವಾದ್ಯ ಹೆಚ್ಚು, ಯಾವುದು ಕಡಿಮೆ ಎಂಬ ತೀರ್ಪನ್ನು ಮಾತ್ರ ನಾನಾದರೆ ಜೇಬಿನಲ್ಲಿಟ್ಟುಕೊಳ್ಳುತ್ತೇನೆ.

ಚಪ್ಪಾಳೆಯ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲಲಾರೆ. ಮೂರನೆಯ ಭಾಗ ಒಂದು ದಂಡಯಾತ್ರೆ. ಅದು ಮುಗಿಯುವ ರೀತಿಗೆ ಇಡೀ ಕೃತಿಯೇ ಮುಗಿಯಿತೇನೋ ಎನಿಸುತ್ತದೆ, ಕೈ ತಾನಾಗಿ ಸೇರುತ್ತದೆ. ಭಾಗಗಳ ನಡುವೆ ಉಸಿರುಬಿಗಿಹಿಡಿದು ಕೂರಬೇಕೆಂಬ ಮಡಿ ಹುಟ್ಟಿದ್ದು ಈಚೆಗೆ. 1778ರಲ್ಲಿ ಪ್ಯಾರಿಸ್ಸಿನಿಂದ ತಂದೆಗೆ ಬರೆದ ಕಾಗದದಲ್ಲಿ ಮೊಜಾರ್ಟ್, ತನ್ನ ಹೊಸ ಸಿಂಫನಿಯ ಮೊದಲ ಭಾಗ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದ್ದನ್ನು ಹಿಗ್ಗಿ ಹೇಳಿಕೊಂಡಿದ್ದಾನೆ. ಅವರಿಗೆ ಹಿಡಿಸುವ ಜಾಗ ಯಾವುದೆಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕಾಗಿಯೇ ಅದನ್ನು ಕೊನೆಯಲ್ಲಿ ಮತ್ತೊಮ್ಮೆ ತಂದಿದ್ದ. ಕಛೇರಿ ಮುಗಿದ ಖುಷಿಗೆ ಹೋಗಿ ಐಸ್‌ಕ್ರೀಂ ತಿಂದನಂತೆ. 1813ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ನನ ಏಳನೆಯ ಸಿಂಫನಿ ಮೊದಲ ಬಾರಿ ನುಡಿದಾಗ ಜನ ಎರಡನೆಯ ಭಾಗವನ್ನು ಇನ್ನೊಮ್ಮೆ ನುಡಿಸಿಯೇ ಬಿಡಿಸಿದರು. ನಾವೇನು ಕಡಿಮೆ? ಒಳ್ಳೆಯ ಸಂಗತಿಗೆ ಭೇಷ್ ಎನ್ನದ ರಸಿಕನನ್ನು ವಿದ್ವಾಂಸರು ಅನುಮಾನದಿಂದ ನೋಡುತ್ತಾರೆ. ಇದಕ್ಕೆ ಪ್ರತಿಯಾಗಿ ಮೃದಂಗದವರ ಸರದಿಯಾದ ತನಿ ಆವರ್ತನ ಶುರುವಾದ ಕೂಡಲೇ ಕ್ಯಾಂಟೀನಿನ ಕಡೆಗೆ ಹೊರಡುವ ಪದ್ಧತಿಯೂ ನಮ್ಮದೇ. ಸಭಿಕರ ಮುಂದೆ ನಡೆದ ಕಛೇರಿಯ ಪ್ರಸಾರದಲ್ಲಿ ಮೃದಂಗದ ಮೊದಲ ಏಟಿನ ಜೊತೆಗೇ ಕುರ್ಚಿಗಳು ಕಿರುಗುಟ್ಟುವುದನ್ನು ಕೇಳಿದ್ದೇನೆ. ಅದರ ಮುಂದೆ ಲಂಡನ್ನಿನ ಚಪ್ಪಾಳೆ ಎಷ್ಟೋ ಮೇಲು.

ಕೆಮ್ಮಿಗೆ ಎರಡೇ ಮಾತು. ನಮ್ಮ ಚೌಡಯ್ಯ ಸ್ಮಾರಕ ಭವನದಂಥ ನಾಲ್ಕೈದು ಭವನಗಳ ಜನ ಒಂದೆಡೆ ಸೇರಿದರೆ ಯಾರಾದರೂ ಕೆಮ್ಮುತ್ತಾರೆ; ಮೈಕಿಗೆ ಬಾಸೂನೂ ಒಂದೇ, ಕೆಮ್ಮೂ ಒಂದೇ. ಕೆಮ್ಮೇ ಇಲ್ಲದ ಸಂಗೀತ ಬೇಕಿದ್ದರೆ ಸ್ಟುಡಿಯೋದಲ್ಲಿ ಮುದ್ರಿಸಿದ್ದನ್ನು ಕೇಳಬಹುದು. ಅದಕ್ಕಾಗಿ ಯಾರೂ ನಡುರಾತ್ರಿಯವರೆಗೆ ಎದ್ದಿರುವುದಿಲ್ಲ.

"ನೀವು ಕೇಳಿದ್ದು ಕಛೇರಿಯೇ ಅಲ್ಲ" ಎಂದನಲ್ಲ ಹುಡುಗ, ಅವನು ನಿಂತಿದ್ದ ಅದೇ ಆಲ್ಬರ್ಟ್ ಹಾಲಿನ ಇನ್ನೊಂದು ಸಂಜೆಯ ಕಥೆಯನ್ನು ಅವನಿಗೆ ಹೇಳಿ. 1950ರ ಮೇ 22. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸ್ ತನ್ನ ಕೊನೆಗಾಲದಲ್ಲಿ ವಾದ್ಯವೃಂದದೊಂದಿಗೆ ಹಾಡಲು ಬರೆದಿಟ್ಟಿದ್ದ ನಾಲ್ಕು ಗೀತೆಗಳು ಅಂದು ಮೊದಲ ಬಾರಿ ಸಭೆಗೆ ಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದ ಫಿಲ್ಹಾರ್ಮೋನಿಯಾ, ನಡೆಸಿದವರು ಫರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ಯಾರು ಗೊತ್ತೇ? ನಮ್ಮ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಅದೇ ಮಹಾರಾಜರು. ಮೆಟ್ನರ್ ಎಂಬ ರಷ್ಯನ್ ಸಂಯೋಜಕ ಲಂಡನ್ನಿನಲ್ಲಿ ಮರೆಯಾಗಿ ಕುಳಿತಿದ್ದಾಗ ಅವನ ಸಂಗೀತವನ್ನು ಧ್ವನಿಮುದ್ರಿಕೆಗೆ ತಂದದ್ದು ಅವರ ಹಣ, ಫಿಲ್ಹಾರ್ಮೋನಿಯಾದ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಅವರೇ. ಆದರೆ ಆ ಸಂಜೆ ಅವರು ಲಂಡನ್ನಿನಲ್ಲಿ ಇರಲಿಲ್ಲ. ಮೈಸೂರಿನಲ್ಲಿ ಕುಳಿತು ಕೇಳಲೆಂದು ಕಛೇರಿಯನ್ನು ಅಸಿಟೇಟ್ ಡಿಸ್ಕುಗಳ ಮೇಲೆ ಮುದ್ರಿಸಿ ಕಳುಹಿಸುವ ಏರ್ಪಾಡಾಗಿತ್ತು. ಸಮುದ್ರ ದಾಟಿ ಬಂದ ಡಿಸ್ಕು, ಅರಮನೆಯ ಗ್ರಾಮಫೋನು. ಅಸಿಟೇಟ್ ಡಿಸ್ಕು ಸೂಜಿಯ ಪ್ರತಿ ಓಟಕ್ಕೂ ಸವೆಯುತ್ತದೆ. ಆ ಮೊದಲ ಪ್ರಯೋಗ ಇಂದಿಗೂ ಗೀರುಗಳ ಹಿಂದಿನಿಂದ, ಒಲೆಯ ಮೇಲೆ ಸಾಸಿವೆ ಸಿಡಿದಂಥ ಸದ್ದಿನ ಮಧ್ಯೆ ನಮಗೆ ಕೇಳಿಸುತ್ತಿದ್ದರೆ, ಅದು ಅಂದು ಅದನ್ನು ಮುದ್ರಿಸಿಟ್ಟದ್ದರ ಫಲ. ಅಂದು ಸಭಾಂಗಣದಲ್ಲಿ ಕುಳಿತಿದ್ದವರ ನೆನಪುಗಳು ಅವರೊಂದಿಗೇ ಹೋದವು. ಮಹಾರಾಜರು ಕೇಳಿದ್ದು ಕಛೇರಿಯಲ್ಲ ಎನ್ನುವ ಧೈರ್ಯ ನಿಮ್ಮ ತಮ್ಮನ ಮಗನಿಗೆ ಇದ್ದರೆ, ಒಮ್ಮೆ ಮೈಸೂರಿಗೆ ಹೋಗಿ ಹೇಳಿಬರಲಿ.

ಸಂದೇಶದ ಗೊಂದಲವನ್ನೂ ಬಗೆಹರಿಸಿಬಿಡೋಣ. ಶಾರ್ಟ್‌ವೇವ್ ಕಾಲದಲ್ಲಿ ಆಗುತ್ತಿದ್ದುದು ಇದಕ್ಕೆ ತದ್ವಿರುದ್ಧ. ರೇಡಿಯೋ ಅಲೆ ಲಂಡನ್ನಿನಿಂದ ಬೆಂಗಳೂರಿನ ಸುಮಾರು ಎಂಟು ಸಾವಿರ ಕಿಲೋಮೀಟರನ್ನು ಸೆಕೆಂಡಿನ ಮೂವತ್ತನೆಯ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ಸದ್ದು ಗಾಳಿಯಲ್ಲಿ ಅದೇ ಹೊತ್ತಿನಲ್ಲಿ ಹನ್ನೆರಡು ಮೀಟರ್ ಕೂಡ ಪೂರ್ತಿ ಹೋಗಿರುವುದಿಲ್ಲ. ಹಾಗಾಗಿ ಗ್ಯಾಲರಿಯಲ್ಲಿ ಕುಳಿತವನಿಗಿಂತ ಮೊದಲೇ ಬೆಂಗಳೂರಿನವನಿಗೆ ಸ್ವರ ತಲುಪುತ್ತಿತ್ತು! ಈಗ ಅಂತರ್ಜಾಲದಲ್ಲಿ ಧ್ವನಿಯನ್ನು ತುಂಡು ತುಂಡಾಗಿ ಕಟ್ಟಿ, ದಾರಿಯಲ್ಲಿ ತಡೆದು, ನಿಮ್ಮ ಮೊಬೈಲಿನಲ್ಲಿ ಒಂದಿಷ್ಟನ್ನು ಕೂಡಿಟ್ಟು ಆಮೇಲೆ ಕೇಳಿಸುತ್ತಾರೆ. ಅರ್ಧ ನಿಮಿಷ, ಮುಕ್ಕಾಲು ನಿಮಿಷ ತಡವಾಗುವುದು ಸಾಮಾನ್ಯ. ಹುಡುಗನ 'ಮುಗಿಯಿತು' ಬಂದಾಗ ನಿಮಗೆ ಇನ್ನೂ ಸಂಗೀತ ಬಾಕಿ ಇತ್ತು.

ಆದರೆ ಆ ಬಾಕಿ ನಿಮಗೆ ಸಿಗಲಿಲ್ಲ. ಪ್ರಸಾರ ಮುಕ್ಕಾಲು ನಿಮಿಷ ನಿಂತಿತು ಎಂದು ಬರೆದಿದ್ದೀರಿ. ಮೊಬೈಲಿನಲ್ಲಿ ಕೇಳಿದಾಗ ನನಗೂ ನಿಂತಂತೆಯೇ ಇತ್ತು. ಜಯನಗರದಲ್ಲಿ ನಿಂತಿರಲಿಲ್ಲ. ಕೊನೆಯ ಭಾಗದ ತುದಿಯಲ್ಲಿ ಜಾಗಟೆಯಂಥ ವಾದ್ಯವೊಂದು ಒಂದೇ ಒಂದು ಸಲ ಮೆಲ್ಲಗೆ ನುಡಿಯುತ್ತದೆ. ಅದರ ಬೆನ್ನಿಗೆ ಟ್ರಾಂಬೋನುಗಳೂ ಟ್ಯೂಬಾವೂ (ನೀವು ಕಿರುಚಿದರೆಂದ ಅದೇ ಹಿತ್ತಾಳೆಯವರು) ಹೆಣದ ಮನೆಯಲ್ಲಿ ಮಾತನಾಡುವಷ್ಟು ಸಣ್ಣ ದನಿಯಲ್ಲಿ ನಾಲ್ಕು ಸಾಲು ನುಡಿಸುತ್ತಾರೆ. ಆಮೇಲೆ ತಂತಿವಾದ್ಯಗಳು ಒಂದೊಂದಾಗಿ ಕೆಳಗಿಳಿದು, ಕೊನೆಗೆ ಚೆಲ್ಲೋ ಮತ್ತು ಡಬಲ್ ಬಾಸುಗಳು ಮಾತ್ರ ಉಳಿಯುತ್ತವೆ. ಅಲ್ಲಿಯೂ ನಾಲ್ಕು ಪಿ. ನಿಮ್ಮ ಮೊಬೈಲು ಆ ಭಾಗಕ್ಕೆ ಇಳಿಯಲಾರದೆ ಮೆಟ್ಟಿಲಲ್ಲೇ ನಿಂತಿತು. ನೀವು ಪ್ರಸಾರ ನಿಂತಿತೆಂದುಕೊಂಡ ಆ ಮುಕ್ಕಾಲು ನಿಮಿಷವೇ ಈ ಸಿಂಫನಿಯ ಕೊನೆ.

ಆ ಮುದ್ರಣದ ಪ್ರತಿ ನಮ್ಮ ಕಚೇರಿಯಲ್ಲಿದೆ. ಯಾವುದಾದರೂ ಶನಿವಾರ ಮಧ್ಯಾಹ್ನ ಬನ್ನಿ, ಕಚೇರಿಯಲ್ಲೇ ಕಛೇರಿ ನಡೆಸೋಣ, ಕಾಫಿ ನಮ್ಮದು. ಬರಲಾಗದಿದ್ದರೆ ಒಂದು ಸಾಧಾರಣ ಇಯರ್‌ಫೋನ್ ಸಾಕು. ಮನೆಯಲ್ಲೇ ಕೇಳುವುದಾದರೆ ಬಾಸೂನ್ ಬಂದಾಗ ಗುಂಡಿಯ ಮೇಲೆ ಕೈಯಿಡಬೇಡಿ, ಮತ್ತು ಏನೂ ಬೀಳುವುದಿಲ್ಲ ಎಂದು ಸೊಸೆಗೆ ಮೊದಲೇ ಹೇಳಿಡಿ.

– ಸಂಪಾದಕ